ಒಂದು ಹೆಜ್ಜೆ ಹಿಂದೆ

ಸೋಮವಾರದ ಪತ್ರಿಕೆ ಅವನಿಗೆ ಹತ್ತಕ್ಕೆ ನಾಲ್ಕು ಅಂಕ ಕೊಟ್ಟಿತ್ತು. ಸೋತ ಫುಟ್‌ಬಾಲ್ ತಂಡದಲ್ಲಿ ಅದಕ್ಕಿಂತ ಕಡಿಮೆ ಯಾರಿಗೂ ಇಲ್ಲ; ಕೊನೆ ಗಳಿಗೆಯಲ್ಲಿ ಮೈದಾನಕ್ಕಿಳಿದು ಚೆಂಡನ್ನೇ ಮುಟ್ಟದವನಿಗೂ ಐದು. ಎದುರಾಳಿ ಗೋಲು ಹೊಡೆಯಲು ಓಡುತ್ತಿದ್ದಾಗ ಈತ ನಿಲ್ಲದ ಬಸ್ಸಿಗೆ ಕೈ ತೋರಿಸುವವನಂತೆ ನಿಂತಿದ್ದ ಎಂದು ವರದಿಗಾರ ಬರೆದಿದ್ದ. ಹೋಲಿಕೆ ಚೆನ್ನಾಗಿತ್ತು. ಅವನಿಗೆ ಹೆಚ್ಚು ಉರಿದದ್ದು ಅದೇ.

ತಂಡದವರು ಅವನನ್ನು ಯಜಮಾನ ಎನ್ನುತ್ತಿದ್ದರು. ಅಕ್ಕಪಕ್ಕದ ಮನೆಯವರ ಮುಂದೆ ಹೆಂಡತಿಯೂ ಹಾಗೇ ಹೇಳುತ್ತಿದ್ದಳು, ಆದರೆ ಮನೆಯಲ್ಲಿ ಆ ಪದವಿಗೆ ಅಧಿಕಾರವೇನೂ ಇರಲಿಲ್ಲ. ಮೈದಾನದಲ್ಲಿ ಇತ್ತು. ಹಿಂದಿನ ಸಾಲಿನ ನಾಲ್ವರು ಡಿಫೆಂಡರ್‌ಗಳಲ್ಲಿ ಒಬ್ಬನಾಗಿ ನಡುವೆ ನಿಂತು, ಕೈ ಎತ್ತಿ, ‘ಮೇಲೆ’ ಎಂದು ಕೂಗುವುದು ಅವನ ಹಕ್ಕು. ಕೂಗಿದ ತಕ್ಷಣ ನಾಲ್ವರೂ ಒಟ್ಟಿಗೆ ಮುಂದೆ ಸರಿಯಬೇಕು. ಗೋಲಿಗಾಗಿ ಹೊಂಚು ಹಾಕಿದ ಎದುರಾಳಿ ಆಗ ಇವರ ಬೆನ್ನ ಹಿಂದೆ ಒಂಟಿಯಾಗಿ ಉಳಿದು ಆಫ್‌ಸೈಡ್ ಆಗುತ್ತಾನೆ, ಗೆರೆಯ ಬಳಿಯ ಲೈನ್ಸ್‌ಮನ್ ಬಾವುಟ ಎತ್ತುತ್ತಾನೆ. ನಾಲ್ವರಲ್ಲಿ ಒಬ್ಬ ಹಿಂದೆ ಉಳಿದರೂ ಬಾವುಟ ಏಳುವುದಿಲ್ಲ. ಉಳಿದ ಮೂವರು ಊರಿನ ಮುಂದೆ ಪೆದ್ದರಾಗುತ್ತಾರೆ.

ಕಾಲು ಓಡದವನು ಬಾಯಲ್ಲಿ ಆಡುವ ಆಟ ಇದು ಎಂದು ಆಗದವರು ಹೇಳುತ್ತಿದ್ದರು. ಯಜಮಾನನ ಮಂಡಿ ಆ ಮಾತನ್ನು ಅಲ್ಲಗಳೆಯುವ ಸ್ಥಿತಿಯಲ್ಲಿರಲಿಲ್ಲ. ಆದರೆ ಆ ಸೀಸನ್ನಿನಲ್ಲಿ ಅವನ ಕೂಗಿನಿಂದ ತಂಡ ಕೆಟ್ಟದ್ದಿಲ್ಲ. ಬಾವುಟ ಏಳದೆ ಹೋದ ದಿನವೂ ಅವನು ತಿರುಗಿ ನೋಡುವಷ್ಟರಲ್ಲಿ ಎಡಗಡೆಯ ಡಿಫೆಂಡರ್ ಎಲ್ಲಿಂದಲೋ ಬಂದು ಚೆಂಡನ್ನು ಹೊರಗೆ ಒದ್ದಿರುತ್ತಿದ್ದ. ಎಡಗಡೆಯವನು ಅವನ ಬಾಮೈದ, ಹೆಂಡತಿಯ ತಮ್ಮ. ಚೆಂಡು ಒದೆಯುವುದನ್ನು ಅವನಿಗೆ ಕಲಿಸಿ, ತಂಡಕ್ಕೆ ಸೇರಿಸಿ, ತನ್ನದೇ ಮನೆಯ ಮಹಡಿಯ ಕೋಣೆಯಲ್ಲಿ ಇಟ್ಟುಕೊಂಡವನು ಯಜಮಾನನೇ. ‘ನಿನ್ನ ತಮ್ಮನ ಕಾಲಲ್ಲಿ ಚಕ್ರ ಇದೆ’ ಎಂದು ಅವನು ಊಟದ ಹೊತ್ತಿನಲ್ಲಿ ಹೊಗಳುವುದಿತ್ತು. ಅವಳು ಸುಮ್ಮನೆ ಬಡಿಸುತ್ತಿದ್ದಳು.

ಶನಿವಾರ ಮಾತ್ರ ಬಾಮೈದ ಬಂದು ಮುಟ್ಟಲಿಲ್ಲ. ಒಂದು ಗೋಲು, ಸೋಲು. ಪಂದ್ಯಕ್ಕೆ ಮೊದಲು ಕೋಚ್ ಹೇಳಿದ್ದ ಮಾತು ಯಜಮಾನನ ಕಿವಿಯಲ್ಲಿ ಇನ್ನೂ ಇತ್ತು: ಇದನ್ನು ನೋಡಿಕೊಂಡು ಮುಂದಿನ ವರ್ಷದ ವಿಷಯ ಮಾತಾಡೋಣ. ಮಾತಾಡುವುದು ಎಂದರೆ ತಂಡದಲ್ಲಿ ಇರುತ್ತಾನೋ ಇಲ್ಲವೋ ಎನ್ನುವುದು. ಈ ಕೋಚ್ ಒಂದು ಕಾಲದಲ್ಲಿ ಅವನ ಪಕ್ಕದಲ್ಲೇ ನಿಂತು ಆಡಿದ ಜೊತೆಗಾರ. ಕೈ ಎತ್ತಿ ಕೂಗುವುದನ್ನು ಅವನಿಗೆ ಹೇಳಿಕೊಟ್ಟವನೂ ಅವನೇ.

ಸೋತ ಪಂದ್ಯದ ಚಿತ್ರವನ್ನು ಸೋಮವಾರ ಗೋಡೆಯ ಮೇಲೆ ನೋಡುವುದು ಕ್ಲಬ್ಬಿನ ಪದ್ಧತಿ. ಬಟ್ಟೆ ಒಗೆಯುವ ಕೋಣೆಯ ಪಕ್ಕದ ಕೋಣೆ. ಗೋಡೆಯಾಚೆ ಯಂತ್ರಗಳಲ್ಲಿ ಶನಿವಾರದ ಜೆರ್ಸಿಗಳು ದಬದಬ ಉರುಳುತ್ತಿರುತ್ತವೆ. ಗೋಲು ಬೀಳುವ ಗಳಿಗೆಗೆ ಬಂದಾಗ ಕೋಚ್ ಚಿತ್ರ ನಿಲ್ಲಿಸುತ್ತಾನೆ. ತಪ್ಪು ಮಾಡಿದವನು ತಾನಾಗಿ ಎದ್ದು ‘ನನ್ನದು’ ಎನ್ನಬೇಕು. ಇನ್ನೊಬ್ಬರ ಕಡೆ ಬೆರಳು ತೋರಿಸುವಂತಿಲ್ಲ. ಯಾರೂ ಏಳದಿದ್ದರೆ ಚಿತ್ರ ಮುಂದಕ್ಕೆ ಹೋಗುವುದಿಲ್ಲ, ಯಾರಿಗೂ ಊಟವಿಲ್ಲ. ಗೋಲ್‌ಕೀಪರ್ ಒಮ್ಮೆ ಹಸಿವು ತಾಳಲಾರದೆ, ತಾನು ಆಡಿರದ ಪಂದ್ಯದ ಗೋಲನ್ನೂ ಒಪ್ಪಿಕೊಂಡಿದ್ದ.

ಚಿತ್ರ ನಿಂತಿತು. ಗೋಡೆಯ ತುಂಬ ಯಜಮಾನ, ಎತ್ತಿದ ಕೈ, ಅವನನ್ನು ದಾಟಿ ಓಡುತ್ತಿರುವ ಎದುರಾಳಿ. ನಿಜವಾಗಿಯೂ ಬಸ್ಸಿಗೆ ಕೈ ತೋರಿಸಿದಂತೆಯೇ ಇತ್ತು. ಯಾರೋ ಕೆಮ್ಮಿದರು. ಚಿತ್ರದ ಎಡ ಅಂಚಿನಲ್ಲಿ, ಸಾಲಿಗಿಂತ ಹಿಂದೆ, ಒಂದು ಬೂಟು ಕಾಣಿಸುತ್ತಿತ್ತು. ಆ ಬೂಟಿನ ಕಿತ್ತಳೆ ಲೇಸು ಯಜಮಾನನೇ ತಂದುಕೊಟ್ಟದ್ದು. ಹುಡುಗ ಕೂಗು ಕೇಳಿಸಿಕೊಂಡಿಲ್ಲ, ಎಲ್ಲರಿಗೂ ಆಗುತ್ತದೆ, ಈಗ ಏಳುತ್ತಾನೆ ಎಂದುಕೊಂಡು ಅವನು ಕಾದ. ಬಾಮೈದ ಮುಂದಿನ ಕುರ್ಚಿಯ ಬೆನ್ನನ್ನೇ ನೋಡುತ್ತಿದ್ದ. ಕೋಚ್ ಯಜಮಾನನನ್ನೇ ನೋಡುತ್ತಿದ್ದ.

“ಸ್ವಲ್ಪ ಹಿಂದಕ್ಕೆ ಹಾಕಿ,” ಎಂದ ಯಜಮಾನ.

ಬೇಕಾಗಿಲ್ಲ, ಎಲ್ಲ ಕಾಣಿಸುತ್ತಿದೆಯಲ್ಲ ಎಂದ ಕೋಚ್. ಯಜಮಾನ ಇನ್ನೊಮ್ಮೆ ಅದನ್ನೇ ಹೇಳಿದ. ಇಡೀ ಕೋಣೆ ತಿರುಗಿ ನೋಡಿದ್ದರಿಂದ ಕೋಚ್ ಹಿಂದಕ್ಕೆ ಹಾಕಬೇಕಾಯಿತು.

ಕ್ಯಾಮೆರಾ ಆಗ ಇನ್ನೂ ದೂರದಲ್ಲಿತ್ತು, ಮೈದಾನದ ಅಂಚೂ ಕಾಣುತ್ತಿತ್ತು. ಯಜಮಾನ ಕೈ ಎತ್ತುತ್ತಾನೆ. ಬಲಗಡೆಯವನ ತಲೆ ಅವನತ್ತ ತಿರುಗುತ್ತದೆ, ಪಕ್ಕದವನದೂ ತಿರುಗುತ್ತದೆ. ಬಾಮೈದನ ತಲೆ ಮಾತ್ರ ಆಚೆ, ಗೆರೆಯ ಹೊರಗೆ ನಿಂತ ಕೋಚ್ ಕಡೆಗೆ. ಕೋಚ್ ಸೊಂಟದ ಬಳಿ ಅಂಗೈಯನ್ನು ಕೆಳಮುಖ ಮಾಡಿ, ನಾಯಿಗೆ ಕೂರು ಎನ್ನುವಂತೆ, ಮೆಲ್ಲಗೆ ಒತ್ತುತ್ತಾನೆ. ಬಾಮೈದ ಅಲ್ಲೇ ನಿಲ್ಲುತ್ತಾನೆ. ಎದುರಾಳಿಯನ್ನು ತಡೆಯಲು ತಿರುಗಿ ಕಾಲು ಜಾರುತ್ತಾನೆ.

ಗೋಡೆಯಾಚೆ ಯಂತ್ರವೊಂದು ನೀರು ಬಿಟ್ಟುಕೊಂಡು ಸುಮ್ಮನಾಯಿತು.

ಯಜಮಾನ ಎದ್ದು ನಿಂತ. “ನನ್ನದು,” ಎಂದ. “ನಾನು ಕೂಗಿದೆ. ಕೂಗಿದ್ರೆ ಬರ್ತಾರೆ ಅಂತ ನಂಬಿದ್ದೆ. ತಪ್ಪು ನನ್ನದೇ.”

ಚಿತ್ರ ಮುಂದಕ್ಕೆ ಹೋಯಿತು. ಎಲ್ಲರಿಗೂ ಊಟ ಸಿಕ್ಕಿತು.

ಕೋಚ್ ಅವನನ್ನು ಹೊರಗಿನ ಮೊಗಸಾಲೆಯಲ್ಲಿ ಹಿಡಿದ. ಸುತ್ತ ಯಾರೂ ಇಲ್ಲದ್ದನ್ನು ನೋಡಿ ಹಳೆಯ ಸಲುಗೆಗೆ ಇಳಿದ. ಬೇಜಾರು ಮಾಡಿಕೊಳ್ಳಬೇಡ, ಇನ್ನೊಂದು ವರ್ಷ ಇರು, ಮೇಲಿನವರನ್ನು ಆಗಲೇ ಒಪ್ಪಿಸಿಯಾಗಿದೆ, ನೀನು ಸಾಲಿನಲ್ಲಿದ್ದರೆ ಹುಡುಗರಿಗೆ ಧೈರ್ಯ ಎಂದ. ನಿನ್ನೆಯಾಗಿದ್ದರೆ ಯಜಮಾನ ಕುಂಟುಕಾಲಲ್ಲೇ ಕುಣಿಯುತ್ತಿದ್ದ.

“ನನ್ನ ಕೂಗನ್ನ ಯಾರೂ ಕೇಳಬಾರದು ಅಂತ ಇಟ್ಕೋತೀಯಾ?”

“ಎಲ್ಲರೂ ಕೇಳ್ತಾರೆ ಕಣೋ. ಒಬ್ಬ ಕೇಳಲ್ಲ, ಅಷ್ಟೇ. ನಿನ್ನ ಮಂಡಿ ನಂಗೆ ಗೊತ್ತಿಲ್ವಾ?”

“ನಂಗೆ ಹೇಳಬಹುದಿತ್ತು.”

“ಹೇಳಿದ್ರೆ ನೀನು ಕೂಗ್ತಿದ್ದೆಯಾ?”

ಇನ್ನೊಂದು ವರ್ಷಕ್ಕೆ ಯಜಮಾನ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಚೀಲ ಹೆಗಲಿಗೇರಿಸಿ ಕಾರಿನ ಕಡೆ ನಡೆದ.

ಬಾಮೈದ ಆಗಲೇ ಕಾರಿನ ಪಕ್ಕ ನಿಂತಿದ್ದ. ದಿನವೂ ಒಟ್ಟಿಗೆ ಹೋಗುವವರು. ಜಗಳವಾಗಿದೆಯೆಂದು ಬಸ್ಸು ಹತ್ತಲು ಇನ್ನೂ ಜಗಳವೇ ಆಗಿರಲಿಲ್ಲ. ಕಾರಿನೊಳಗೆ ಹುಡುಗ ಚೀಲವನ್ನು ತೊಡೆಯ ಮೇಲಿಟ್ಟು, ಅದರ ಮೇಲೆ ಎರಡೂ ಕೈ ಇಟ್ಟು, ಪರೀಕ್ಷೆಗೆ ಹೊರಟವನಂತೆ ಕೂತ. ಯಜಮಾನ ಕಾರು ಹೊರಡಿಸಿ ಮೂರು ತಿರುವು ದಾಟಿಸಿದ.

“ಯಾವಾಗಿನಿಂದ?” ಎಂದ ಯಜಮಾನ.

“ಸೀಸನ್ ಶುರುವಿನಿಂದ, ಭಾವ.”

ಅಂದರೆ ಕಾಲಲ್ಲಿ ಚಕ್ರ ಇರಲಿಲ್ಲ. ಅವನು ಎಲ್ಲಿಂದಲೋ ಓಡಿ ಬರುತ್ತಿರಲಿಲ್ಲ, ಅಲ್ಲೇ ಇರುತ್ತಿದ್ದ. ತಡೆದ ಗೋಲುಗಳನ್ನು ಸೋಮವಾರ ಯಾರೂ ಗೋಡೆಯ ಮೇಲೆ ನೋಡುವುದಿಲ್ಲವಾದ್ದರಿಂದ ಅದು ಕಾಣಿಸಿರಲಿಲ್ಲ. ಗೆದ್ದ ಪಂದ್ಯಗಳು ಒಂದೊಂದಾಗಿ ಯಜಮಾನನ ತಲೆಯಲ್ಲಿ ಓಡಿದವು. ಎಂಟು ಅಂಕ ಸಿಕ್ಕಿದ ಪಂದ್ಯ, ಹೆಂಡತಿ ಪತ್ರಿಕೆಯಿಂದ ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿದ ಪಂದ್ಯ. ಪ್ರತಿಯೊಂದರಲ್ಲೂ ಅವನು ಕೈ ಎತ್ತಿದ್ದ, ಹಿಂದೆ ಒಬ್ಬ ನಿಂತಿದ್ದ.

“ನಿಮ್ಮ ಒಳ್ಳೇದಕ್ಕೇ ಅಂದ್ರು.”

“ಹಾಗಾದ್ರೆ ರೂಮಲ್ಲಿ ಎದ್ದು ನಿಲ್ಲಬೇಕಿತ್ತು.”

“ನಿಂತಿದ್ರೆ ಯಾಕೆ ಹಿಂದೆ ಉಳಿದೆ ಅಂತ ಹೇಳಬೇಕಾಗ್ತಿತ್ತಲ್ಲ ಭಾವ. ಎಲ್ಲರ ಮುಂದೆ ನಿಮ್ಮ ಮರ್ಯಾದೆ ಹೋಗೋದು.”

ಸಿಗ್ನಲ್ ಹಸಿರಾಗಿತ್ತು. ಹಿಂದಿನವನು ಹಾರ್ನ್ ಒತ್ತಿದ ಮೇಲೆ ಯಜಮಾನ ಕಾರು ಬಿಟ್ಟ. ಕೋಚ್ ಏನು ಹೇಳಿದನೆಂದು ಬಾಮೈದ ಕೇಳಲಿಲ್ಲ, ಇವನೂ ಹೇಳಲಿಲ್ಲ. ದಾರಿಯುದ್ದಕ್ಕೂ ಹುಡುಗನ ಕೈಗಳು ಚೀಲದ ಮೇಲಿಂದ ಅಲುಗಲಿಲ್ಲ, ಫೋನು ಮುಟ್ಟಲಿಲ್ಲ.

ಹೆಂಡತಿ ಬಾಗಿಲು ತೆಗೆದಳು. ಕೈಯಲ್ಲಿ ಟವೆಲಿನಲ್ಲಿ ಸುತ್ತಿದ ಐಸ್ ಇತ್ತು. ಅವನು ಕೂರುವ ಕುರ್ಚಿಯ ಎದುರು ಕಾಲಿಡಲು ಸ್ಟೂಲನ್ನೂ ಎಳೆದಿಟ್ಟಿದ್ದಳು. ಅದನ್ನು ನೋಡಿ ಅವನು ಹೆಗಲಿನ ಚೀಲ ಇಳಿಸಿದ. ಇಷ್ಟಾದರೂ ಉಳಿದಿದೆಯಲ್ಲ ಎನಿಸಿತು. ಕೂತು, ಕಾಲು ಚಾಚಿದ.

ಅವಳು ಮಂಡಿಗೆ ಐಸ್ ಒತ್ತುತ್ತ ಹೇಳಿದಳು, “ಪೇಪರಿನವರು ಏನಾದ್ರೂ ಬರ್ಕೊಳ್ಳಲಿ ಬಿಡ್ರೀ. ಇನ್ನೊಂದು ವರ್ಷ ಕೊಟ್ರಲ್ಲ, ಅದು ಮುಖ್ಯ.”

ಬಾಮೈದ ಮಹಡಿಯ ಮೆಟ್ಟಿಲ ಮೇಲೆ ಹಾಗೇ ನಿಂತ.

ಯಜಮಾನ ಇನ್ನೊಂದು ವರ್ಷದ ವಿಷಯವನ್ನು ಯಾರಿಗೂ ಹೇಳಿರಲಿಲ್ಲ. ಹುಡುಗನನ್ನು ಹಿಂದೆ ನಿಲ್ಲಿಸುವ ಯೋಚನೆ ಮೊದಲು ಯಾರ ಮಂಡಿಚಿಂತೆಯಿಂದ ಹುಟ್ಟಿರಬಹುದು, ಯಾರು ಯಾರ ಹತ್ತಿರ ಹೋಗಿ ಹೇಳಿರಬಹುದು ಎಂದು ಕೇಳುವ ಅಗತ್ಯವೂ ಕಾಣಲಿಲ್ಲ. ಅವನನ್ನು ಚೆನ್ನಾಗಿ ನೋಡಿಕೊಂಡಿದ್ದರು. ಕೋಚ್, ಬಾಮೈದ, ಹೆಂಡತಿ, ಮೂವರೂ ಸೇರಿ, ಕೆಳಗೆ ಬೀಳದ ಹಾಗೆ.

“ಕೊಟ್ರು,” ಎಂದ. “ನಾನು ತಗೊಳ್ಳಲಿಲ್ಲ.”

ಆ ಮಾತು ಬಾಯಿಂದ ಬರುವವರೆಗೆ ಅದು ಅವನಿಗೂ ಗೊತ್ತಿರಲಿಲ್ಲ. ಐಸ್ ಒತ್ತುತ್ತಿದ್ದ ಕೈ ನಿಂತಿತು. ಅವಳು ತಲೆ ಎತ್ತಿದಳು. ಆದರೆ ಕಣ್ಣು ಹೋದದ್ದು ಅವನ ಕಡೆಗಲ್ಲ, ಮೆಟ್ಟಿಲ ಮೇಲಿದ್ದ ತಮ್ಮನ ಕಡೆಗೆ. ಅದನ್ನು ಕಾಣಲು ಈ ಸಲ ಚಿತ್ರವನ್ನು ಹಿಂದಕ್ಕೆ ಹಾಕಿಸಬೇಕಾಗಲಿಲ್ಲ.