ದ್ಯಾಮವ್ವ ಸ್ಟೇಷನ್ನಿನಲ್ಲೇ ನಿಂತಿದ್ದಾಳೆ

ನಾಟಕ ಕಂಪನಿಯವರ ಹ್ಯಾಂಡ್‌ಬಿಲ್ಲಿನಲ್ಲಿ ಬದಲಾಯಿಸಬೇಕಾಗಿದ್ದದ್ದು ತಾರೀಖು ಮಾತ್ರ. ‘ಕೊನೆಯ ಮೂರು ದಿನಗಳು! ತಪ್ಪಿದರೆ ಮತ್ತೆ ಸಿಗದು!’ ಎಂಬ ದಪ್ಪಕ್ಷರದ ಸಾಲು ಒಂಬತ್ತು ವಾರಗಳಿಂದ ಹಾಗೇ ಇತ್ತು. ಪ್ರತಿ ಸೋಮವಾರ ಮೀನಾಕ್ಷಿ ಅದೇ ಫೈಲು ತೆರೆದು, ಹೊಸ ತಾರೀಖು ಹಾಕಿ, ಪ್ರಿಂಟಿಗೆ ಬಿಡುತ್ತಿದ್ದಳು. ಊರಿನವರಿಗೂ ಗೊತ್ತು, ಕಂಪನಿಯವರಿಗೂ ಗೊತ್ತು. ಜನ ಬರುತ್ತಿರುವ ತನಕ ಕೊನೆಯ ಮೂರು ದಿನ ಮುಗಿಯುವುದಿಲ್ಲ.

ಅದನ್ನು ಮುಗಿಸಿ ಮುಂದಿನ ಆರ್ಡರಿನ ಚೀಟಿ ಎಳೆದುಕೊಂಡಳು. ಗೆರೆ ಹಾಕಿದ ಹಾಳೆಯ ಮೇಲೆ ಮುತ್ತು ಪೋಣಿಸಿದಂಥ ಅಕ್ಷರ. ‘ಹರಿಹರದ ಓದುಗ ಗೆಳತಿಯರ ಬಳಗದಿಂದ ಕಾದಂಬರಿ ಬಿಡುಗಡೆ ಸಮಾರಂಭ’ ಎಂದು ಟೈಪ್ ಮಾಡಿದಳು. ಮುಂದಿನ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಹತ್ತೂವರೆಗೆ. ಲೇಖಕಿ: ಶ್ರೀಮತಿ ಮೀನಾಕ್ಷಿ ಕುಕ್ಕುವಾಡ.

ಕೀಲಿಮಣೆಯ ಮೇಲಿದ್ದ ಬೆರಳು ಅಲ್ಲೇ ನಿಂತವು. ಅಯ್ಯೋ ದೇವರೇ, ಅದು ಅವಳ ಹೆಸರೇ!

ದಾವಣಗೆರೆ ಮಂಡಿಪೇಟೆಯ ಆ ಪ್ರೆಸ್ಸಿನಲ್ಲಿ ಅವಳು ಬರೀ ಮೀನಾಕ್ಷಮ್ಮ. ಹದಿನಾಲ್ಕು ವರ್ಷದಿಂದ ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ಪುಣ್ಯತಿಥಿ ಕಾರ್ಡು ಟೈಪ್ ಮಾಡಿದವಳು. ಕಥೆ ಬರೆಯುವಾಗ ಮಾತ್ರ ತವರೂರಿನ ಹೆಸರು ಸೇರಿಸಿಕೊಂಡು ಮೀನಾಕ್ಷಿ ಕುಕ್ಕುವಾಡ ಆಗುತ್ತಿದ್ದಳು. ಮೂರು ವರ್ಷದ ಹಿಂದೆ ಒಂದು ಕಥಾಸಂಕಲನ ಬಂದಿತ್ತು. ಮೆಚ್ಚಿ ಫೋನು ಮಾಡಿದವರ ನಂಬರುಗಳನ್ನೆಲ್ಲ ಸೇರಿಸಿ ವಾಟ್ಸಾಪಿನಲ್ಲಿ ತಿಂಗಳಿಗೊಂದು ಪತ್ರ ಕಳಿಸುತ್ತಿದ್ದಳು. ಅದರಲ್ಲಿ ಎರಡೇ ಭಾಗ, ‘ಬರೆದದ್ದು’ ಮತ್ತು ‘ನೋಡಿದ್ದು’. ನೋಡಿದ್ದರಲ್ಲಿ ಸಿನಿಮಾ, ಟಿವಿ, ಪಕ್ಕದ ಬೀದಿಯ ಆರ್ಕೆಸ್ಟ್ರಾ ಎಲ್ಲ ಇರುತ್ತಿತ್ತು. ಅದೆಲ್ಲ ನಿಜ. ಬರೆದದ್ದರಲ್ಲಿ ಮಾತ್ರ ಹನ್ನೊಂದು ತಿಂಗಳಿಂದ ಒಂದೇ ಮಾತು: ‘ಕಾದಂಬರಿಯ ಕೊನೆಯ ಅಧ್ಯಾಯದಲ್ಲಿದ್ದೇನೆ.’

ಇದ್ದದ್ದು ಏಳೇ ಅಧ್ಯಾಯ. ಏಳನೆಯದರ ಕೊನೆಯಲ್ಲಿ ದ್ಯಾಮವ್ವ ಎಂಬ ಐವತ್ತೆರಡು ವರ್ಷದ ಹೆಂಗಸು, ಹಾವೇರಿಯ ಅಣ್ಣನ ಮನೆಯಲ್ಲಿ ಮೂವತ್ತು ವರ್ಷ ಒಲೆ ಮುಂದೆ ಕೂತು ಸಾಕಾಗಿ, ಒಂದು ಟ್ರಂಕು ಹಿಡಿದು ಹರಿಹರ ಸ್ಟೇಷನ್ನಿನಲ್ಲಿ ಇಳಿಯುತ್ತಾಳೆ. ಅಲ್ಲಿಗೆ ಪೆನ್ನು ನಿಂತಿತು. ಇಳಿದವಳು ಎಲ್ಲಿಗೆ ಹೋಗಬೇಕು ಎಂಬುದೇ ಮೀನಾಕ್ಷಿಗೆ ಹೊಳೆಯಲಿಲ್ಲ. ಸಾಲದೆಂಬಂತೆ ಹೋದ ತಿಂಗಳು ಯಾವ ಗಳಿಗೆಯಲ್ಲೋ ‘ಇನ್ನೊಂದೇ ತಿಂಗಳು, ಪುಸ್ತಕ ನಿಮ್ಮ ಕೈಯಲ್ಲಿ’ ಎಂದೂ ಬರೆದುಬಿಟ್ಟಿದ್ದಳು.

“ಏನು ಮೀನಾಕ್ಷಮ್ಮ, ಕರೆಂಟ್ ಹೋದಂಗೆ ಕುಂತೀರಿ?” ಮಾಲೀಕ ಮಾಲತೇಶಪ್ಪ ಗಲ್ಲಾದ ಕಡೆಯಿಂದ ಕೂಗಿದರು.

“ಏನಿಲ್ಲ ಸಾವ್ಕಾರ್ರೆ. ಈ ಹರಿಹರದ ಆರ್ಡರ್ ಯಾರು ಕೊಟ್ರು?”

“ನೀವು ರಜಾ ಹಾಕಿದ್ರಲ್ಲ, ಶನಿವಾರ. ಒಬ್ರು ರಿಟೈರ್ಡ್ ಟೀಚರಮ್ಮ ಬಂದಿದ್ರು, ದಿಲ್ಷಾದ್ ಬೇಗಂ ಅಂತ. ಕನ್ನಡ ಹೆಂಗೆ ಮಾತಾಡ್ತಾರ್ರಿ! ಕಾಗುಣಿತ ತಪ್ಪಿದ್ರೆ ವಾಪಸ್ ಮಾಡ್ತೀನಿ ಅಂತ ಹೆದರ್ಸಿ ಹೋಗ್ಯಾರೆ. ಅದ್ಯಾರದು ಮೀನಾಕ್ಷಿ ಕುಕ್ಕುವಾಡ? ನಿಮ್ಮೂರೋರಾ?”

“ಹ್ಞೂಂ... ನಮ್ಮೂರೋರೇ.”

“ದೊಡ್ಡ ಮನುಷ್ಯಳು ಇರಬೇಕು ಬಿಡ್ರಿ.”

ಪ್ರೂಫ್ ನೋಡಿ ಗಿರಾಕಿ ‘ಸರಿ ಇದೆ’ ಎಂದು ಸಹಿ ಹಾಕದೆ ಒಂದು ಕಾರ್ಡೂ ಅಚ್ಚಾಗಬಾರದು ಎಂಬುದು ಆ ಪ್ರೆಸ್ಸಿನ ಕಟ್ಟಳೆ. ಹಿಂದೊಮ್ಮೆ ಮದುವೆ ಕಾರ್ಡಿನಲ್ಲಿ ಮದುಮಗನ ಹೆಸರಿನ ಜಾಗದಲ್ಲಿ ಮಾವನ ಹೆಸರು ಅಚ್ಚಾಗಿ ರಂಪಾಟವಾಗಿತ್ತು. ಆಮೇಲೆ ಮಾಲತೇಶಪ್ಪ ಮಾಡಿದ ಕಟ್ಟಳೆ ಅದು. ಇವತ್ತು ಅದೇ ಮೀನಾಕ್ಷಿಯ ಕೈಹಿಡಿಯಿತು. “ಪ್ರೂಫ್ ನಾನೇ ಒಯ್ದು ತೋರಿಸಿ ಬರ್ತೀನಿ ಸಾವ್ಕಾರ್ರೆ” ಎಂದು ಹಾಳೆ ಮಡಚಿ ಬ್ಯಾಗಿಗೆ ಹಾಕಿಕೊಂಡು ಹರಿಹರದ ಬಸ್ಸು ಹತ್ತಿದಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದಳು. ಪುಸ್ತಕ ಮುಂದಕ್ಕೆ ಹೋಗಿದೆಯಂತೆ ಎಂದರೆ ಸಾಕಲ್ಲ, ತಾನು ಯಾರೆಂದು ಅವರಿಗೇನು ಗೊತ್ತು? ಹಾಗೆ ಅಂದುಕೊಂಡಾಗ ಒಂದಿಷ್ಟು ಧೈರ್ಯ ಬಂತು.

ಹೊಳೆಯ ಕಡೆಗೆ ಇಳಿಯುವ ಓಣಿಯಲ್ಲಿ ದಿಲ್ಷಾದ್ ಬೇಗಂ ಮನೆ. ತೆಳ್ಳನೆಯ, ಬಿಳಿಗೂದಲಿನ ಹೆಂಗಸು ತಾವೇ ಬಾಗಿಲು ತೆರೆದರು.

“ಪ್ರೆಸ್ಸಿಂದ ಬಂದ್ರಾ? ಬರ್ರಿ ಒಳಗೆ, ಬಿಸಿಲಾಗ ಯಾಕ ನಿಂತೀರಿ. ಕೂಡ್ರಿ.”

ಒಗ್ಗರಣೆ ಮಂಡಕ್ಕಿಯ ತಟ್ಟೆಯೂ ಚಹಾವೂ ಬಂದವು. ಟೀಚರು ಕನ್ನಡಕ ಏರಿಸಿ, ಕೆಂಪು ಪೆನ್ನು ಹಿಡಿದು, ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಓದಿದರು.

“ತಪ್ಪಿಲ್ಲ. ಶಾಭಾಸ್! ಆದ್ರೆ ಲೇಖಕಿ ಹೆಸರು ಇನ್ನೊಂಚೂರು ದೊಡ್ಡದು ಮಾಡ್ರಿ. ಪಾಪ, ಹನ್ನೊಂದು ತಿಂಗಳಿಂದ ಕೊನೇ ಅಧ್ಯಾಯಕ್ಕೆ ಒದ್ದಾಡ್ಯಾಳೆ. ಆಯಮ್ಮನಿಗೆ ಇದೇನೂ ಗೊತ್ತಿಲ್ಲ. ಕಾರ್ಡು ಕೈಗೆ ಬಂದ ಮೇಲೆ ಫೋಟೋ ಕಳಿಸಿ ಖುಷಿಪಡಿಸಾಣ ಅಂತ ಮುಚ್ಚಿಟ್ಟೀವಿ.”

“ನೀವು... ಎಷ್ಟು ಜನ ಅದೀರಿ ಬಳಗದಾಗ?”

“ಐದು ಜನ. ಗುತ್ತೂರಿಂದ ಇಬ್ರು ಬರ್ತಾರೆ, ಫ್ಯಾಕ್ಟರಿ ಕೆಲಸ ಮುಗಿಸ್ಕೊಂಡು. ಅವ್ರಿಗೆ ಓದಕ್ಕೆ ಬರಲ್ಲ, ನಾನೇ ಓದಿ ಹೇಳ್ತೀನಿ. ಆ ಪತ್ರ ಬಂದ ದಿನ ನಮ್ಮನ್ಯಾಗ ಹಬ್ಬ. ಮುಂದೇನಾತು, ಮುಂದೇನಾತು ಅಂತ ಜೀವ ತಿಂತಾರೆ.”

ಮೀನಾಕ್ಷಿ ಮಂಡಕ್ಕಿಯ ತಟ್ಟೆ ಪಕ್ಕಕ್ಕಿಟ್ಟಳು. ದಾರಿಯಲ್ಲಿ ಹೊಸೆದಿದ್ದ ನೆಪವೆಲ್ಲ ಅಲ್ಲೇ ಉದುರಿಹೋಯಿತು.

“ಟೀಚರ್, ಈ ಕಾರ್ಡು ಪ್ರಿಂಟ್ ಮಾಡಕ್ಕೆ ಆಗಲ್ಲ.”

“ಯಾಕ? ಮಷೀನ್ ಕೆಟ್ಟೈತಾ?”

“ಮಷೀನ್ ಚೆನ್ನಾಗೈತೆ. ಪುಸ್ತಕಾನೇ ಇಲ್ಲ. ಮೀನಾಕ್ಷಿ ಕುಕ್ಕುವಾಡ ಅಂದ್ರೆ ನಾನೇ.”

ದಿಲ್ಷಾದ್ ಬೇಗಂ ಕನ್ನಡಕ ತೆಗೆದರು. ಅವಳ ಮುಖ ನೋಡಿದರು, ಪ್ರೂಫ್ ನೋಡಿದರು, ಮತ್ತೆ ಮುಖ ನೋಡಿದರು. ಒಳಗೆ ಕುಕ್ಕರ್ ಕೂಗಿತು. ಅವರು ಏಳಲಿಲ್ಲ.

“ಮತ್ತೆ ನಮಗ್ಯಾಕ ಸುಳ್ಳು ಬರೆದ್ರಿ?”

“ಮೊದಲ್ನೇ ಸಲ ಸುಳ್ಳು ಅನ್ನಿಸ್ಲಿಲ್ಲ ಟೀಚರ್. ಇನ್ನೇನು ಮುಗಿಸೇಬಿಡ್ತೀನಿ ಅಂದ್ಕೊಂಡಿದ್ದೆ. ಎಲ್ರೂ ಫೋನಿನಾಗ ಹೂವು, ಚಪ್ಪಾಳೆ ಕಳಿಸಿದ್ರು. ಮುಂದಿನ ತಿಂಗಳು ಆಗ್ಲಿಲ್ಲ ಅನ್ನಕ್ಕೆ ಬಾಯಿ ಬರ್ಲಿಲ್ಲ. ಹಂಗೇ ಆಗಿಹೋತು.”

“ನಾಲ್ಕು ಮಂದಿ ಮುಂದೆ ನನ್ನ ಮುಖ ಏನಾಗ್ಬೇಕು? ಹಾಲ್ ಬುಕ್ ಮಾಡೀನಿ, ಎಲ್ರಿಗೂ ಹೇಳೀನಿ.” ಸಿಟ್ಟೇ ಬಂದಿತ್ತು ಅವರಿಗೆ. ಎದ್ದು ಕುಕ್ಕರ್ ಇಳಿಸಲು ಒಳಗೆ ಹೋದರು. ಮೀನಾಕ್ಷಿ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಡಲು ಎದ್ದಳು.

“ಎಲ್ಲಿಗೆ ಹೊಂಟ್ರಿ? ಕೂಡ್ರಿ.” ಟೀಚರು ಬಾಗಿಲಲ್ಲಿ ನಿಂತಿದ್ದರು. “ನಿಜವಾಗ್ಲೂ ಎಷ್ಟು ಅಧ್ಯಾಯ ಆಗೈತೆ?”

“ಏಳು.”

“ಎಲ್ಲಿಗೆ ನಿಂತೈತೆ?”

“ಇಲ್ಲೇ, ಹರಿಹರ ಸ್ಟೇಷನ್ನಾಗ. ದ್ಯಾಮವ್ವ ಅಂತ, ಅಣ್ಣನ ಮನೆ ಬಿಟ್ಟು ಟ್ರಂಕು ಹಿಡ್ಕೊಂಡು ಇಳಿದಾಳೆ.”

“ಇಳಿದು?”

“ನಿಂತಾಳೆ.”

“ಹನ್ನೊಂದು ತಿಂಗಳು?” ದಿಲ್ಷಾದ್ ಬೇಗಂ ಹಣೆ ಚಚ್ಚಿಕೊಂಡರು. “ಯಾ ಅಲ್ಲಾ! ಐವತ್ತು ದಾಟಿದ ಹೆಣ್ಮಗಳನ್ನ ಹನ್ನೊಂದು ತಿಂಗಳು ಪ್ಲಾಟ್‌ಫಾರಂ ಮೇಲೆ ನಿಲ್ಸೀರಾ? ಒಂದು ಲೋಟ ನೀರಾದ್ರೂ ಕೊಟ್ಟೀರೋ ಇಲ್ಲೋ?”

ಮೀನಾಕ್ಷಿಗೆ ಅಳು ಬರುವುದರಲ್ಲಿತ್ತು, ನಗು ಬಂತು. ಟೀಚರೂ ನಕ್ಕರು. ಸಿಟ್ಟು ಪೂರ್ತಿ ಇಳಿದಿರಲಿಲ್ಲ, ಆದರೂ ನಕ್ಕರು.

“ಆಕೆಗೆ ಈ ಊರಾಗ ಯಾರೂ ಇಲ್ಲ ಟೀಚರ್. ಯಾರ ಬಾಗಿಲು ಬಡೀಬೇಕು ಅಂತ ಗೊತ್ತಾಗವಲ್ದು.”

“ನನಗೆ ಯಾರಿದ್ರು? ಮೂವತ್ತೆಂಟು ವರ್ಷದ ಹಿಂದೆ ಅದೇ ಸ್ಟೇಷನ್ನಾಗ ಇಳಿದೋಳು ನಾನು. ಒಂದು ಕೈಯಾಗ ಟೀಚರ್ ಕೆಲಸದ ಆರ್ಡರ್ ಕಾಪಿ, ಒಂದು ಕೈಯಾಗ ಟ್ರಂಕು.”

“ಏನ್ ಮಾಡಿದ್ರಿ?”

“ಮೊದ್ಲು ಚಾ ಕುಡಿದೆ. ಆಮೇಲೆ ಚಾ ಮಾರೋನನ್ನೇ ಕೇಳ್ದೆ, ಇಲ್ಲಿ ಒಂಟಿ ಹೆಣ್ಮಕ್ಕಳಿಗೆ ಕೋಣೆ ಯಾರು ಕೊಡ್ತಾರಪ್ಪ ಅಂತ. ಅವ್ನು ಪಾಪ ಅಂಗಡಿ ಬಿಟ್ಟು ಬಂದು ಓಣಿ ತೋರಿಸ್ದ. ಇದೇ ಓಣಿ.” ಟೀಚರು ಪ್ರೂಫ್ ಎಳೆದುಕೊಂಡರು. ಕೆಂಪು ಪೆನ್ನಿನಿಂದ ‘ಬಿಡುಗಡೆ’ಗೆ ಅಡ್ಡಗೆರೆ ಎಳೆದು ಮೇಲೆ ‘ಓದು’ ಎಂದು ಬರೆದರು. “ಹಾಲ್ ಹೆಂಗೂ ಬುಕ್ ಆಗೈತೆ. ಏಳು ಅಧ್ಯಾಯ ತಂದು ಓದ್ರಿ. ಎಂಟನೇದು ಆದ್ರೆ ಅದನ್ನೂ ಓದ್ರಿ, ಆಗ್ಲಿಲ್ಲ ಅಂದ್ರೆ ಇಲ್ಲ ಅಂತ ಹೇಳ್ರಿ. ಆದ್ರೆ ಸಹಿ ಈಗ ಹಾಕಲ್ಲ.”

“ಮತ್ತೆ?”

“ಈ ತಿಂಗಳ ಪತ್ರ ಬರ್ಲಿ. ನಮ್ಮೋರಿಗೆ ನಿಜ ನೀವೇ ಹೇಳ್ಬೇಕು, ನಾನು ಹೇಳಲ್ಲ. ಅದನ್ನ ಓದಿ ಫೋನಿನಾಗೇ ಕಳಿಸ್ತೀನಿ, ಸರಿ ಐತೋ ಇಲ್ಲೋ ಅಂತ.”

ಪ್ರೂಫ್ ಬ್ಯಾಗಿಗೆ ಹಾಕಿಕೊಂಡು ಹೊರಟ ಮೀನಾಕ್ಷಿ ಬಸ್‌ಸ್ಟ್ಯಾಂಡಿಗೆ ಹೋಗಲಿಲ್ಲ, ಸ್ಟೇಷನ್ನಿಗೆ ನಡೆದಳು. ದಾವಣಗೆರೆ ಕಡೆಯ ಗಾಡಿಗೆ ಟಿಕೆಟ್ ತೆಗೆದುಕೊಂಡು ಬೇವಿನ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತಳು. ಇಷ್ಟು ವರ್ಷ ಈ ಪ್ಲಾಟ್‌ಫಾರಮ್ಮನ್ನು ಅವಳು ರೈಲಿನ ಕಿಟಕಿಯಿಂದ ಮಾತ್ರ ನೋಡಿದ್ದಳು. ಗಾಡಿಗೆ ಇನ್ನೂ ನಲವತ್ತು ನಿಮಿಷವಿತ್ತು. ಫೋನು ತೆಗೆದು ಬರೆಯತೊಡಗಿದಳು.

‘ಬರೆದದ್ದು: ಈ ತಿಂಗಳು ಏನೂ ಇಲ್ಲ. ಹೋದ ಹನ್ನೊಂದು ತಿಂಗಳೂ ಏನೂ ಇಲ್ಲ. ಕೊನೆಯ ಅಧ್ಯಾಯದಲ್ಲಿದ್ದೇನೆ ಎಂದು ನಾನು ನಿಮಗೆ ಬರೆದದ್ದು ಸುಳ್ಳು. ಏಳು ಅಧ್ಯಾಯ ಮುಗಿದಿದೆ, ಅಷ್ಟೆ. ನಂಬಿ ಕಾದವರ ಕ್ಷಮೆ ಕೇಳುತ್ತೇನೆ.

ನೋಡಿದ್ದು: ಹೋದ ಭಾನುವಾರ ನಾನೂ ನಮ್ಮ ಯಜಮಾನರು ಕುಬೇರಪ್ಪನವರೂ ಕಂಪನಿ ನಾಟಕಕ್ಕೆ ಹೋಗಿದ್ದೆವು. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಒಂಬತ್ತು ವಾರದಿಂದ ಕಂಪನಿಯವರೂ ಕೊನೆಯ ಮೂರು ದಿನ ಎನ್ನುತ್ತಿದ್ದಾರೆ. ಆದರೆ ಅಲ್ಲಿ ದಿನಾ ಸಂಜೆ ಪರದೆ ಏಳುತ್ತದೆ. ನಾನು ಬರೀ ಹ್ಯಾಂಡ್‌ಬಿಲ್ ಹಂಚಿದೆ.’

ಎರಡು ಸಲ ಓದಿದಳು. ಕಳಿಸಿಬಿಟ್ಟಳು. ನೂರಾ ಹದಿನೆಂಟು ಜನಕ್ಕೆ ಹೋಯಿತು. ಹೂವೂ ಬರಲಿಲ್ಲ, ಚಪ್ಪಾಳೆಯೂ ಬರಲಿಲ್ಲ. ಒಬ್ಬರು ‘ಇದೆಂಥ ಮೋಸ ಮೇಡಂ’ ಎಂದು ಬರೆದರು. ಅದನ್ನು ಓದಿ ಸಂಕಟವಾಯಿತು. ಏನು ಮಾಡುವುದು, ಅವರು ಹೇಳಿದ್ದು ಖರೆ.

ಫೋನು ಬ್ಯಾಗಿಗೆ ಹಾಕಿ ಸುಮ್ಮನೆ ಎದುರಿಗೆ ನೋಡಿದಳು. ಚಹಾದ ಸ್ಟಾಲಿನವನು ಲೋಟ ತೊಳೆಯುತ್ತಿದ್ದ. ಅವನ ಸ್ಟಾಲಿನ ಪಕ್ಕ ಒಂದು ಟ್ರಂಕು ಇಡುವಷ್ಟು ಜಾಗವಿತ್ತು. ಮೀನಾಕ್ಷಿ ಬ್ಯಾಗಿನಲ್ಲಿ ತಡಕಿದಳು, ನೋಟ್‌ಬುಕ್ ತಂದಿರಲಿಲ್ಲ. ಪ್ರೂಫ್ ಸಿಕ್ಕಿತು. ಅದನ್ನು ತಿರುವಿ ತೊಡೆಯ ಮೇಲಿಟ್ಟುಕೊಂಡು, ಖಾಲಿ ಹಿಂಬದಿಯಲ್ಲಿ ಬರೆದಳು: ‘ದ್ಯಾಮವ್ವನಿಗೆ ಮೊದಲು ಬೇಕಾಗಿದ್ದದ್ದು ಒಂದು ಲೋಟ ಚಹಾ.’

ಬ್ಯಾಗಿನೊಳಗೆ ಫೋನು ಟಿಣ್ ಎಂದಿತು. ತೆಗೆದು ನೋಡಿದಳು. ಹರಿಹರದ ಟೀಚರ ನಂಬರು, ಎರಡೇ ಮಾತು: ‘ಸರಿ ಐತೆ.’

ಆಮೇಲೆ ಹಾಳೆಯಿಂದ ತಲೆ ಎತ್ತಲಿಲ್ಲ. ದಾವಣಗೆರೆ ಕಡೆಯ ಗಾಡಿ ಬಂತು. ಜನ ಇಳಿದರು, ಜನ ಹತ್ತಿದರು. ಸ್ಟಾಲಿನವನು “ಯಕ್ಕಾ, ನಿಮ್ ಗಾಡಿ!” ಎಂದು ಕೂಗಿದ. ಮೀನಾಕ್ಷಿ ಎಡಗೈಯಲ್ಲೇ ತಡಿ ಎಂದು ಸನ್ನೆ ಮಾಡಿದಳು. ಗಾಡಿ ತಡೆಯಲಿಲ್ಲ. ಅವಳ ಟಿಕೆಟ್ ಬೆಂಚಿನ ಮೇಲೆ, ಪೆನ್ನಿನ ಮುಚ್ಚಳದ ಕೆಳಗೆ ಪಟಪಟ ಅನ್ನುತ್ತಿತ್ತು.