ಒತ್ತಾಗಿ ಈಜುವ ಅರವತ್ತು

ಸುಕಾಬುಮಿ ಊರಲ್ಲಿ ಮಗಳ ನಲವತ್ತು ದಿನದ ಬಾಣಂತನ ಮುಗಿಸಿ ಮನೆಗೆ ಬಂದ ರೊಹೇತಿ, ಚಪ್ಪಲಿ ಬಿಟ್ಟವಳೇ ಮೀನಿನ ತೊಟ್ಟಿಯ ಮುಂದೆ ಹೋಗಿ ಕೂತಳು. ಪಕ್ಕದ ಮನೆಯ ವಿದಾ ಹಿಂದೆಯೇ ಬಂದಳು.

"ಮೊಮ್ಮಗು ಫೋಟೊ ತೋರ್ಸು ತೆತೆ!"

"ಮೊದ್ಲು ಇವರ ಮುಖ ನೋಡ್ತೀನಿ, ತಡಿ."

ಸ್ವಂತ ಅಕ್ಕನನ್ನು ಕರೆದ ಹಾಗೆ ವಿದಾ ಅವಳನ್ನು ತೆತೆ ಎಂದೇ ಕರೆಯುತ್ತಿದ್ದಳು. ಸೊಳ್ಳೆಮರಿಗೂ ಮೀನುಮರಿಗೂ ವ್ಯತ್ಯಾಸ ಗೊತ್ತಿಲ್ಲದ ಕಾಲದಿಂದ ಅವಳಿಗೆ ಕಸುಬು ಕಲಿಸಿದವಳು ರೊಹೇತಿ. ಬಾದಾಮಿ ಎಲೆ ನೆನೆಹಾಕಿ ನೀರು ಹದ ಮಾಡುವುದು, ಮೊಟ್ಟೆಯಿದ್ದ ತೊಟ್ಟಿಗೆ ಕಪ್ಪು ಬಟ್ಟೆ ಹೊದಿಸುವುದು, ಎಲ್ಲ. ಈ ನಲವತ್ತು ದಿನ ರೊಹೇತಿಯ ಮೀನು ನೋಡಿಕೊಂಡವಳು ವಿದಾ.

ಆ ಓಣಿಯಲ್ಲಿ ಮನೆಮನೆಗೂ ನಿಯಾನ್ ಟೆಟ್ರಾ ಸಾಕುತ್ತಾರೆ. ನೀಲಿ ಗೆರೆಯ, ಕೆಂಪು ಬಾಲದ, ಬೆರಳಿನ ಎರಡು ಗೆಣ್ಣಿನಷ್ಟು ಮೀನು. ಮರಿ ಮಾಡಿ ಮಾರುತ್ತಾರೆ. ರೊಹೇತಿಯ ಈ ಅರವತ್ತು ಮಾತ್ರ ಮಾರುವುದಕ್ಕಲ್ಲ, ತಾಯಿಮೀನು. ಗಂಡ ತೀರಿಕೊಂಡ ಮೇಲೆ ಎಂಟು ವರ್ಷ, ಗೆರೆ ನೆಟ್ಟಗಿದ್ದದ್ದನ್ನೇ ಆರಿಸಿ ಆರಿಸಿ ಉಳಿಸಿಕೊಂಡ ತಳಿ. ಅವಳ ಅನ್ನ ಅದರ ಮೇಲೆಯೇ ನಿಂತಿತ್ತು.

"ಒಂದೂ ಸತ್ತಿಲ್ಲ, ಬೇಕಾದ್ರೆ ಎಣಿಸ್ಕೋ," ಎಂದಳು ವಿದಾ. "ಹೆಂಗೆ ಒಟ್ಟಿಗೆ ತಿರುಗ್ತಾವೆ ನೋಡು, ಸ್ಕೂಲ್ ಮಕ್ಕಳ ಪೆರೇಡ್ ಇದ್ದಂಗೆ!"

ಹೌದು. ಹಿಂದಿನ ಮೂಲೆಯಲ್ಲಿ ಅರವತ್ತೂ ಮುಷ್ಟಿ ಹಿಡಿದ ಹಾಗೆ ಒತ್ತಿಕೊಂಡು, ಒಂದೇ ಮೈಯಂತೆ ತಿರುಗುತ್ತಿದ್ದವು. ಬೇರೆಯವರಾದರೆ ಚಪ್ಪಾಳೆ ತಟ್ಟುತ್ತಿದ್ದರು. ರೊಹೇತಿ ಗಾಜಿನ ಹತ್ತಿರ ಮುಖ ತಂದಳು.

ಹೆದರಿದ ಮೀನು ಒತ್ತಾಗಿ ಈಜುತ್ತದೆ. ಮನೆ ತನ್ನದೆಂದು ನಂಬಿದ ಗುಂಪು ಸಡಿಲವಾಗುತ್ತದೆ. ಎರಡು ಇಲ್ಲಿ, ಐದು ಅಲ್ಲಿ, ಸಂಜೆ ಕಟ್ಟೆಯ ಮೇಲೆ ಹರಟುವ ಹೆಂಗಸರ ಹಾಗೆ. ರೊಹೇತಿ ನೀರಿಗೆ ಬೆರಳಿಟ್ಟಳು. ಅವಳ ಮೀನಾದರೆ ಬಂದು ಕಚ್ಚಿ ನೋಡುತ್ತಿದ್ದವು. ಇವು ಗಾಜಿಗೆ ಮೂತಿ ಬಡಿದುಕೊಂಡವು.

"ಇವನ್ನ ತಂದು ಎಷ್ಟು ದಿನ ಆಯ್ತು?"

"ಏನು ಹಂಗಂದ್ರೆ?"

"ಹೊಸ ಸೊಸೆ ಥರ ಮೂಲೆ ಹಿಡಿದಾವೆ. ನಾಲ್ಕು ದಿನಾನೂ ಆಗಿಲ್ಲ."

ವಿದಾ ನಕ್ಕಳು. "ನಿನ್ನ ಮರ್ತಿದಾವೆ, ಅಷ್ಟೇ. ಮೀನಿಗೆಲ್ಲಿ ನೆನಪು?"

"ನಂಗಿದೆಯಲ್ಲ."

ರೊಹೇತಿ ಎದ್ದು ನೇರ ವಿದಾಳ ಮನೆಗೆ ನಡೆದು, ಅಲ್ಲಿನ ತೊಟ್ಟಿಗೆ ಹೊದಿಸಿದ್ದ ಕಪ್ಪು ಬಟ್ಟೆ ಎತ್ತಿದಳು. ತೊಟ್ಟಿಯ ತುಂಬ ಹರಡಿಕೊಂಡಿದ್ದ ಮೀನುಗಳು ಅವಳ ನೆರಳು ಬಿದ್ದದ್ದೇ ತಡ, ಊಟ ಬಂತೆಂದು ಮುಂದೆ ಬಂದವು. ಸೊಂಟದವರೆಗೂ ನೆಟ್ಟನೆಯ ಗೆರೆ. ಅವುಗಳ ನಡುವೆ ಸೊಟ್ಟ ಗೆರೆಯ ಇಪ್ಪತ್ತು ಸಂತೆ ಮೀನು.

"ಕದ್ದಿಲ್ಲ ತೆತೆ," ಬಾಗಿಲಲ್ಲಿ ವಿದಾ. "ಎರಡು ಸಲ ಮೊಟ್ಟೆ ಇಡ್ಸಿ ವಾಪಸ್ ಬಿಡ್ತಿದ್ದೆ. ನೀನು ಅಲ್ಲೇ ಮುಂದಿನ ತಿಂಗಳ ಹಬ್ಬ ಮುಗಿಸಿ ಬರ್ತೀಯ ಅಂದ್ಕೊಂಡಿದ್ದೆ. ಮೊನ್ನೆ ನೀನು ಬರ್ತೀನಿ ಅಂತ ಫೋನ್ ಮಾಡ್ದಾಗ ಇವು ಹೊಟ್ಟೇಲಿ ಮೊಟ್ಟೆ ತುಂಬ್ಕೊಂಡಿದ್ವು. ಅದಕ್ಕೇ ನಿನ್ನ ತೊಟ್ಟಿಗೆ ಸಂತೆಯಿಂದ ಬೇರೆ ತಂದೆ. ಎಂಬತ್ತು ಮೀನಿಗಿಂತ ಕಡಿಮೆ ಕೊಡಲ್ಲ ಅಂದ್ರು. ಉಳಿದ ಇಪ್ಪತ್ತನ್ನ ಎಲ್ಲಿ ಬಿಡ್ಲಿ?"

"ಮೂರು ಸಲ ಮರಿ ಕೊಟ್ಟಿದೀನಿ ನಿಂಗೆ."

"ಮರಿ ಕೊಟ್ಟೆ, ತಾಯಿ ಕೊಡ್ಲಿಲ್ಲ. ಯಾವತ್ತೂ ನಿನ್ನ ಬಾಗ್ಲಲ್ಲೇ ಕೈ ಚಾಚ್ಕೊಂಡಿರ್ಬೇಕಾ ನಾನು?" ಅಂದವಳು ತಕ್ಷಣ ತಗ್ಗಿದಳು. "ಬಲೆ ತರ್ತೀನಿ. ಈಗ್ಲೇ ತಗೊಂಡ್ಹೋಗು."

ರೊಹೇತಿ ತೊಟ್ಟಿಗೆ ಬಗ್ಗಿದಳು. ಒಂದು ಸಂತೆ ಮೀನಿನ ಬೆನ್ನಿನ ಮೇಲೆ ನೀಲಿ ಮಾಸಿ ಬಿಳಿಮಚ್ಚೆ ಎದ್ದಿತ್ತು. ಅವಳ ಎರಡು ತಾಯಿಮೀನು ಆ ಮಚ್ಚೆಯನ್ನೇ ಕಚ್ಚಿ ನೋಡುತ್ತಿದ್ದವು. ಒಂದರಿಂದ ಒಂದಕ್ಕೆ ಅಂಟುವ ಆ ರೋಗಕ್ಕೆ ಮದ್ದಿಲ್ಲ. ಹೊರಗಿನ ಮೀನನ್ನು ಎರಡು ತಿಂಗಳು ಬೇರೆ ಇಡದೆ ಬೆರೆಸಬೇಡ ಎಂಬುದು ಅವಳು ವಿದಾಳಿಗೆ ಹೇಳಿಕೊಟ್ಟ ಮೊದಲ ಪಾಠ. ಸಂತೆಯ ಉಳಿದ ಅರವತ್ತು ರೊಹೇತಿಯ ತೊಟ್ಟಿಯಲ್ಲೇ ಇದ್ದವು. ಅಂದರೆ ಎರಡೂ ಮನೆಯ ನೀರು ಕೆಟ್ಟಿತ್ತು.

ವಿದಾಳೂ ಮಚ್ಚೆ ನೋಡಿದಳು. "ಈಗೇನ್ ಮಾಡ್ಲಿ ತೆತೆ?"

ಆರು ವರ್ಷದಿಂದ ಕೇಳುತ್ತಿದ್ದ ಪ್ರಶ್ನೆ. ರೊಹೇತಿಯ ಬಾಯಿ ತಾನಾಗಿಯೇ ಉತ್ತರಿಸಿತು: "ಬೆಳ್ಳಗಾದವನ್ನ ತೆಗಿ. ಉಳಿದವಕ್ಕೆ ದೀಪ ಹಾಕ್ಬೇಡ. ಆ ಬಲೆ ಬೇರೆ ತೊಟ್ಟಿಗೆ ಅದ್ದಬೇಡ."

"ನಾಳೆ ಬಂದು ನೋಡ್ತೀಯಾ?"

"ಇಲ್ಲ."

ಆ ಓಣಿಯಲ್ಲಿ ಹಗಲು ಹೊತ್ತು ಯಾರೂ ಬಾಗಿಲಿಗೆ ಅಗಳಿ ಹಾಕುವುದಿಲ್ಲ. ರೊಹೇತಿ ಮನೆಗೆ ಬಂದು ಹಾಕಿಕೊಂಡಳು.