ನಲವತ್ತೊಂದು ಮಂದಿ ಪ್ರಾರ್ಥಿಸಿದ್ದಾರೆ

ಧನ್ಯವಾದ, ಎಂದಿತು ಬಾಗಿಲ ಬಳಿಯ ಹಾಜರಿ ಯಂತ್ರ, ಮುಂದಿದ್ದವನ ಹೆಬ್ಬೆರಳಿಗೂ ಧನ್ಯವಾದ, ಅವನ ಹಿಂದಿನವಳಿಗೂ ಅದೇ ಧನ್ಯವಾದ, ದನಿಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ, ಇದರಿಂದ ಯಾರಿಗೂ ಮೋಸವಾಗುವುದಿಲ್ಲ ಎಂದುಕೊಂಡಳು ಅವಳು ತನ್ನ ಹೆಬ್ಬೆರಳನ್ನು ಒತ್ತುತ್ತ, ಗೋಡೆಗೆ ಸಿಕ್ಕಿಸಿದ ಡಬ್ಬಿಯೊಂದು ತನಗೆ ಕೃತಜ್ಞವಾಗಿದೆಯೆಂದು ನಂಬಿ ತರಗತಿಗೆ ಹೋಗುವ ಪುಣ್ಯಾತ್ಮ ಈ ಕಾಲೇಜಿನಲ್ಲಿ ಒಬ್ಬನೂ ಇಲ್ಲ, ಮೋಸ ನಡೆಯುವುದಕ್ಕೆ ಮೊದಲು ನಂಬಿಕೆ ಇರಬೇಕು, ಮತ್ತು ನಂಬಿಕೆ ಇದ್ದ ಕಡೆಯಲ್ಲೇ ಅದನ್ನು ನಡೆಸಿದವಳು ಕಂಪ್ಯೂಟರ್ ವಿಭಾಗದ ಮೂರನೆಯ ವರ್ಷದ ವಿದ್ಯಾರ್ಥಿನಿ, ಪ್ರಾರ್ಥನಾ ಕೂಟದ ಸದಸ್ಯೆ, ಕಂಡವರ ತಪ್ಪನ್ನೆಲ್ಲ ತಿದ್ದಿ ತಿದ್ದಿ ಮೇಷ್ಟ್ರಮ್ಮ ಎಂಬ ಅಡ್ಡಹೆಸರು ಗಳಿಸಿದವಳು — ತಾನೇ. ಬೆಳಿಗ್ಗೆ ಆರು ಗಂಟೆಗೆ, ಹಾಸ್ಟೆಲಿನ ಕೋಣೆಯಲ್ಲಿ, ವಯಸ್ಸಾದವರಿಗೆ ಅಕ್ಷರ ಕಾಣುವುದಿಲ್ಲವೆಂಬ ದೂರು ಬಂದದ್ದಕ್ಕೆ, ಕೂಟಕ್ಕಾಗಿ ತಾನು ಮಾಡಿಕೊಟ್ಟ ಪ್ರಾರ್ಥನೆಯ ಆ್ಯಪಿನ ಅಕ್ಷರಗಳನ್ನು ದೊಡ್ಡದು ಮಾಡೋಣವೆಂದು ಕೋಡ್ ತೆರೆದಾಗ ಆ ಸಾಲು ಕಣ್ಣಿಗೆ ಬಿತ್ತು, ತಾನೇ ಬರೆದದ್ದು, ನಾಲ್ಕು ತಿಂಗಳ ಹಿಂದೆ, ಸಂದೇಶಗಳು ಸರಿಯಾಗಿ ತಲುಪುತ್ತವೆಯೇ ಎಂದು ಪರೀಕ್ಷಿಸಲು, ಯಾರಾದರೂ ಪ್ರಾರ್ಥನೆಯ ಕೋರಿಕೆ ಕಳಿಸಿದ ಕೂಡಲೇ ಕೂಟದ ಎಲ್ಲ ಸದಸ್ಯರೂ ಪ್ರಾರ್ಥಿಸಿದರೆಂದು ಗುರುತು ಹಾಕು ಎಂಬ ಸಾಲು, ಮರುದಿನವೇ ಅಳಿಸಬೇಕಾಗಿದ್ದದ್ದು, ಮರುದಿನ ಪರೀಕ್ಷೆಗಳು ಶುರುವಾದವು, ಮರೆತಳು. ಅಂದಿನಿಂದ ಕಾಯಿಲೆಯೆಂದು ಬರೆದವರಿಗೆ, ಮನೆಯಲ್ಲಿ ಜಗಳವೆಂದು ಬರೆದವರಿಗೆ, ಎಲ್ಲರಿಗೂ ಅರ್ಧ ನಿಮಿಷದೊಳಗೆ ಒಂದೇ ಉತ್ತರ, ನಲವತ್ತೊಂದು ಮಂದಿ ನಿಮಗಾಗಿ ಪ್ರಾರ್ಥಿಸಿದ್ದಾರೆ. ನಾಲ್ಕು ತಿಂಗಳು ಯಾರೂ ಗಮನಿಸಲಿಲ್ಲವೇಕೆ ಎಂಬ ಪ್ರಶ್ನೆಗೆ ಉತ್ತರ ಆ ಸಾಲಿಗಿಂತ ಕೆಟ್ಟದ್ದು, ಸದಸ್ಯರು ಪ್ರಾರ್ಥಿಸಿದ ಮೇಲೆ ಒತ್ತಬೇಕಾದ ಗುಂಡಿ ಆಗಲೇ ಒತ್ತಿದಂತೆ ಕಾಣುತ್ತಿತ್ತು, ಆದರೆ ಅದು ಕಾಣಬೇಕಾದರೆ ಕೋರಿಕೆಯನ್ನು ತೆರೆಯಬೇಕು, ತೆರೆದವರೇ ಇಲ್ಲ, ಉಳಿದ ನಲವತ್ತು ಮಂದಿ ಇದ್ದಾರಲ್ಲ ಎಂದು ನಲವತ್ತೊಂದು ಮಂದಿಯೂ ಅಂದುಕೊಂಡು ಮಲಗಿದರು. ಯಂತ್ರದ ತಪ್ಪಲ್ಲ. ಅವಳು ಇದನ್ನು ಈಗಲೂ ಎದೆತಟ್ಟಿ ಹೇಳಬಲ್ಲಳು, ಕೋಣೆಯ ಗೆಳತಿ, ದೇವರು ದಿಂಡಿರು ಎಂದರೆ ಮೂಗು ಮುರಿಯುವವಳು, ಮೊದಲ ದಿನವೇ ಕೆಣಕಿದ್ದಳು, ಅಲ್ಲ ಮೇಷ್ಟ್ರಮ್ಮ, ನಿಮ್ಮ ದೇವ್ರಿಗೂ ಆ್ಯಪ್ ಬೇಕಾ, ಅಲ್ಲಿ ನೆಟ್‌ವರ್ಕ್ ಸಿಗುತ್ತಾ, ಅದಕ್ಕೆ ಇವಳು ಅರ್ಧ ಗಂಟೆ ಉತ್ತರಿಸಿದಳು, ಗೋಪುರದ ಗಂಟೆಯೂ ಒಂದು ಕಾಲದ ಯಂತ್ರವೇ, ಅಚ್ಚಿನ ಮೊಳೆಯೂ ಯಂತ್ರವೇ, ಗಂಟೆ ಹೊಡೆದ ಮೇಲೆ ಏಳದೆ ಮಲಗಿರುವವನು ಗಂಟೆಯನ್ನು ಬೈಯುವಂತಿಲ್ಲ, ಗೆಳತಿ ದಿಂಬನ್ನು ಕಿವಿಗೆ ಒತ್ತಿಕೊಂಡು ಆಯ್ತು ತಾಯಿ ಶರಣಾದೆ ಎಂದಳು, ಆ ಉತ್ತರದ ಒಂದು ಪದವನ್ನೂ ಅವಳು ಇಂದು ಹಿಂತೆಗೆದುಕೊಳ್ಳುವುದಿಲ್ಲ.

ಮೆಟ್ಟಿಲಿನ ತಿರುವಿನಲ್ಲಿ ಕೂಟದ ಕಾರ್ಯದರ್ಶಿ ಕಾಯುತ್ತಿದ್ದ, ವಾಣಿಜ್ಯ ವಿಭಾಗದ ಕೊನೆಯ ವರ್ಷದವನು, ಇಸ್ತ್ರಿಯ ಗೆರೆ ಕೆಡದ ಅಂಗಿ, ಬೆಳಿಗ್ಗೆಯೇ ಅವನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದ್ದಳು, ಅವನು ರಾತ್ರಿಯಿಡೀ ಉಪವಾಸವಿದ್ದವನ ಹಾಗೆ ನಿಟ್ಟುಸಿರುಬಿಟ್ಟು, ಮಧ್ಯಾಹ್ನ ಬೇರೆ ನಾಲ್ಕು ಕಾಲೇಜುಗಳ ಪಾದ್ರಿಗಳು ಈ ಆ್ಯಪನ್ನು ನೋಡಲೆಂದೇ ಬರುತ್ತಿದ್ದಾರೆ, ನಮ್ಮ ಕಾಲೇಜಿನ ಮಾನ ನಿನ್ನ ಕೈಯಲ್ಲಿದೆ ಎಂದಿದ್ದ. ಈಗ ದನಿ ತಗ್ಗಿಸಿ, ಆ ಸಾಲು ತೆಗೆದ್ಬಿಡು, ಮುಗೀತು, ಇದರಿಂದ ಯಾರಿಗೆ ಏನು ಕೆಟ್ಟದಾಯ್ತು ಹೇಳು, ಜನಕ್ಕೆ ಧೈರ್ಯ ಬಂತಲ್ಲ ಎಂದ. ತೆಗೆದಾಯ್ತು ಅಣ್ಣ, ಈಗ ಕೊಟ್ಟ ಧೈರ್ಯಾನ ವಾಪಸ್ ಕೇಳೋಕೆ ಹೋಗ್ತಿದ್ದೀನಿ, ದಾರಿ ಬಿಡಿ. ಅವನು ಬಿಟ್ಟ. ಸುಳ್ಳುಸಾಕ್ಷಿಯೆಂದರೆ ಕಟಕಟೆಯಲ್ಲಿ ನಿಂತು ಹೇಳುವುದಷ್ಟೇ ಎಂದು ಇವರಿಗೆಲ್ಲ ಕಲಿಸಿದವರು ಯಾರು, ದೇವರ ಹೆಸರಿನಲ್ಲಿ ನಲವತ್ತೊಂದು ಮಂದಿಯ ಕಳ್ಳಸಹಿ ಹಾಕಿ ಅದನ್ನು ಸಾಂತ್ವನವೆಂದು ಕರೆಯುವುದೇ, ಅಪ್ಪನಾಗಿದ್ದರೆ, ಮೂವತ್ತು ವರ್ಷ ಶಾಲಾ ಮಾಸ್ತರಾಗಿದ್ದ ಅಪ್ಪ, ಉತ್ತರ ತಪ್ಪಾದರೆ ಒಂದು ಅಂಕ ಹೋಗುತ್ತದೆ ಮಗಳೇ, ನಕಲು ಮಾಡಿದರೆ ನೀನೇ ಹೋಗುತ್ತೀಯೆ ಎನ್ನುತ್ತಿದ್ದರು. ಎಲ್ಲರಿಗೂ ತಪ್ಪೊಪ್ಪಿಗೆಯ ಪತ್ರವನ್ನು ಆಗಲೇ ಬರೆದಿದ್ದಾಳೆ, ಮೂರು ವಾಕ್ಯ, ನೆಪವೊಂದೂ ಇಲ್ಲ, ಹತ್ತು ಗಂಟೆಗೆ ಹೋಗುತ್ತದೆ, ಆದರೆ ರಸಾಯನಶಾಸ್ತ್ರ ಪ್ರಯೋಗಾಲಯದ ಅಟೆಂಡರಿಗೆ ಪತ್ರ ಸಾಲದು, ಅವರ ಮಗಳಿಗೆ ನಾಳೆ ಹೃದಯದ ಆಪರೇಷನ್. ಒಪ್ಪಿಗೆಯ ಕಾಗದಕ್ಕೆ ಹದಿನೈದು ದಿನ ಸಹಿ ಹಾಕದೆ ಮೀನಮೇಷ ಎಣಿಸುತ್ತಿದ್ದ ಮನುಷ್ಯ ಹೋದ ವಾರ ಕಾರಿಡಾರಿನಲ್ಲಿ ಅವಳನ್ನು ನಿಲ್ಲಿಸಿ ಫೋನ್ ತೋರಿಸಿದರು, ನೋಡು ಮಗಳೇ, ನಲವತ್ತೊಂದು ಜನ ಅಂದ್ರೆ ಸುಮ್ನೇನಾ, ಧೈರ್ಯ ಮಾಡಿ ಸೈನ್ ಹಾಕ್ಬಿಟ್ಟೆ, ಅದನ್ನು ಪೂರ್ತಿಯಾಗಿ ತೋರಿಸಲು ಅವರು ಪರದೆಯ ಮೇಲೆ ಬೆರಳು ಎಳೆದರು, ಪರದೆ ಮಿಸುಕಲಿಲ್ಲ, ದಿನವಿಡೀ ಗಾಜಿನ ಸಾಮಾನು ತೊಳೆದ ಬೆರಳು, ತುದಿ ಬೆಳ್ಳಗೆ ನೆನೆದು ಸುಕ್ಕುಗಟ್ಟಿದ್ದು, ಅಂಗಿಗೆ ಒರೆಸಿ ಮತ್ತೆ ಎಳೆದರು, ಮತ್ತೆ ಇಲ್ಲ, ಕೊನೆಗೆ ಅವಳೇ ತನ್ನ ಒಣ ಬೆರಳಿನಿಂದ ಸರಿಸಿಕೊಟ್ಟು, ಹೆಮ್ಮೆಯಿಂದ, ಎಂಥ ಹೆಮ್ಮೆ, ಒಳ್ಳೆಯದಾಗುತ್ತೆ ಅಂಕಲ್ ಎಂದಳು.

ಪ್ರಯೋಗಾಲಯದಲ್ಲಿ ಬೇರೆ ಯಾರೂ ಇರಲಿಲ್ಲ, ಅವರು ಸಿಂಕಿನ ಮುಂದೆ ನಿಂತು ಫ್ಲಾಸ್ಕಿನ ಕುತ್ತಿಗೆಯೊಳಗೆ ಬ್ರಷ್ ತಿರುಗಿಸುತ್ತಿದ್ದಾರೆ, ನಲ್ಲಿ ಸುರಿಯುತ್ತಿದೆ, ಬಾ ಮಗಳೇ, ಏನು ಇಷ್ಟು ಬೇಗ. ಸತ್ಯ ಹೇಳುವುದಕ್ಕೆ ಒಳ್ಳೆಯ ಹೊತ್ತು ಕೆಟ್ಟ ಹೊತ್ತು ಎಂದಿಲ್ಲ, ಅವಳು ಬೆನ್ನು ನೇರಮಾಡಿ ನಿಂತು, ಭಾಷಣ ಸ್ಪರ್ಧೆಯಲ್ಲಿ ನಿಲ್ಲುವ ಹಾಗೆ, ಹೇಳಿದಳು, ಪರೀಕ್ಷೆಗೆಂದು ಬರೆದ ಸಾಲು, ಅಳಿಸಲು ಮರೆತದ್ದು, ಆ ಸಂಖ್ಯೆ ಯಂತ್ರ ತಾನಾಗಿ ಕಳಿಸಿದ್ದು, ತಪ್ಪು ಪೂರ್ತಿ ತನ್ನದು, ಒಂದು ವಾಕ್ಯವೂ ತೊದಲಲಿಲ್ಲ, ತೊದಲದೆ ಇದ್ದದ್ದು ಆ ಕ್ಷಣದಲ್ಲಿ ಅವಳಿಗೆ ಸ್ವಲ್ಪ ಸಮಾಧಾನವನ್ನೂ ಕೊಟ್ಟಿತು. ಅವರು ಬ್ರಷ್ ನಿಲ್ಲಿಸಲಿಲ್ಲ. ಒಬ್ರೂ ಪ್ರಾರ್ಥನೆ ಮಾಡಿಲ್ವಾ, ಎಂದರು ಫ್ಲಾಸ್ಕನ್ನೇ ನೋಡುತ್ತ. ತೆರೆದು ನೋಡಿದೋರು ಯಾರೂ ಇಲ್ಲ ಅಂಕಲ್. ನೀನು? ನಲವತ್ತು ಮಂದಿಯ ಪರವಾಗಿ ಏನು ಹೇಳಬೇಕೆಂದು ಬೆಳಗಿನಿಂದ ಸಿದ್ಧಪಡಿಸಿಕೊಂಡು ಬಂದಿದ್ದವಳು ಈ ಒಂದು ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಂಡಿರಲಿಲ್ಲ — ಹೋದ ವಾರ, ಈ ಕಾರಿಡಾರಿನಿಂದ ನೇರವಾಗಿ ಕ್ಯಾಂಟೀನಿಗೆ ಹೋದಳಲ್ಲ, ಅಲ್ಲಿ ಹತ್ತು ಜನರಿಗೆ ಈ ಕಥೆಯನ್ನು ಹೇಳಿ ನಂಬಿಕೆಗೂ ತಂತ್ರಜ್ಞಾನಕ್ಕೂ ಜಗಳವಿಲ್ಲವೆಂದು ಸಾಧಿಸಿದಳಲ್ಲ, ಹುಡುಗಿಯ ಹೆಸರನ್ನೂ ಕೇಳದೆ. ಇಲ್ಲ ಅಂಕಲ್, ನಾನೂ ಮಾಡಿಲ್ಲ. ಅವರು ಫ್ಲಾಸ್ಕನ್ನು ಬೋರಲು ಹಾಕಿದರು, ನಲ್ಲಿ ನಿಲ್ಲಿಸಿದರು, ಆ ಸದ್ದು ನಿಂತ ಮೇಲೆ ಕೋಣೆ ಎಷ್ಟು ದೊಡ್ಡದೆಂದು ತಿಳಿಯಿತು, ಈಗ ಬೈಯುತ್ತಾರೆ, ಬೈಯಲಿ, ಸಹಿಯನ್ನು ಹಿಂದಕ್ಕೆ ಪಡೆಯುತ್ತೇನೆ ಎನ್ನುತ್ತಾರೆ, ಅದಕ್ಕೆ ಉತ್ತರವಿದೆ, ವೈದ್ಯರು ಹೇಳಿದ್ದು ವೈದ್ಯರು ಹೇಳಿದ್ದೇ ಅಲ್ಲವೇ, ಸಂಖ್ಯೆ ಸುಳ್ಳಾದರೂ ಔಷಧ ಸುಳ್ಳಲ್ಲ. ಅವರು ಕಾಲಿನಿಂದ ಸ್ಟೂಲೊಂದನ್ನು ಅವಳ ಕಡೆಗೆ ಸರಿಸಿದರು. ಆಪರೇಷನ್ ನಾಳೆ ಹತ್ತು ಗಂಟೆಗೆ, ಈಗಿನ್ನೂ ಇವತ್ತಿನ ಒಂಬತ್ತೂವರೆ, ಹೊತ್ತಿದೆ, ಕೂತ್ಕೋ, ಇಲ್ಲೇ ಮಾಡು. ಮಗಳ ಹೆಸರನ್ನು ಅವಳು ಕೇಳಿದಳು, ಅವರು ಮೆಲ್ಲಗೆ ಹೇಳಿದರು. ಕಣ್ಣು ಮುಚ್ಚಿದಳು. ಸಭೆಗಳಲ್ಲಿ ಅವಳ ಬಾಯಿಂದ ಪ್ರಾರ್ಥನೆ ನೀರಿನಂತೆ ಹರಿಯುತ್ತಿತ್ತು, ಎಲ್ಲಿ ತಗ್ಗಬೇಕು ಎಲ್ಲಿ ಏರಬೇಕು ಎಲ್ಲ ಬಾಯಿಪಾಠ, ಕರುಣಾಮಯನಾದ, ಅಲ್ಲ, ಸರ್ವಶಕ್ತನಾದ, ಅಲ್ಲ, ಇದು ಅರ್ಧ ನಿಮಿಷದೊಳಗೆ ತಾನಾಗಿ ಹೋಗುವ ಉತ್ತರ, ಒಂದೊಂದನ್ನೇ ಅಳಿಸಿದಳು, ಅಳಿಸಿದ ಮೇಲೆ ಉಳಿದದ್ದು ಆ ಹುಡುಗಿಯ ಹೆಸರು, ಹೆಸರು ಮಾತ್ರ, ಅದನ್ನು ಹೇಳಿದಳು, ಮತ್ತೊಮ್ಮೆ ಹೇಳಿದಳು, ಮುಂದಿನದು ಬರಲಿಲ್ಲ, ಕಣ್ಣು ತೆರೆದಳು, ಕಲ್ಲಿನ ಹಾಸಿನ ಮೇಲೆ ಅವರ ಎರಡು ಕೈಗಳು, ಒರೆಸಿಕೊಂಡಿರಲಿಲ್ಲ, ಬೆರಳ ತುದಿಗಳು, ಬೆಳ್ಳಗೆ, ಸುಕ್ಕುಗಟ್ಟಿದ್ದವು, ಹೆಸರಿನ ನಂತರ ಅವಳ ಪ್ರಾರ್ಥನೆಗೆ ಸಿಕ್ಕಿದ್ದು ಅಷ್ಟೇ, ಆ ಬೆರಳು, ಆ ಬೆರಳು.